ಮಂಗಳೂರಿನಿಂದ ಒಂದು ಹಗಲಿನ ದಾರಿ

ಮಂಗಳೂರಿನಿಂದ ಸೂರ್ಯೋದಯಕ್ಕೆ ಕಾರಿನಲ್ಲಿ ಹೊರಟವರು ಗುರುಪುರ, ಮೂಡುಬಿದಿರೆ, ವೇಣೂರು, ಕಾರ್ಕಳಗಳನ್ನು ನೋಡಿಕೊಂಡು, ಬೆಳ್ಮಣ್ಣು ಪಡುಬಿದ್ರಿಗಳ ಮೇಲಾಗಿ ಕಡಲ ಕರೆಯ ಹೆದ್ದಾರಿಗಿಳಿದು, ದೀಪ ಹಚ್ಚುವ ಹೊತ್ತಿಗೆ ಸ್ವಗೃಹವನ್ನು ಸೇರಬಹುದು. ದಾರಿ ಒಟ್ಟು ಸುಮಾರು 90 ಮೈಲು. ಏಣೆಲು ಬೆಳೆಯ ಕೊಯ್ಲು ಮುಗಿದು ಸುಗ್ಗಿಯ ನೇಜಿ ಹಸುರೇರುವ ಕಾಲದಲ್ಲಿ ಈ ದಾರಿಯಷ್ಟು ಕಣ್ಣಿಗೆ ತಂಪಾದುದು ತುಳುನಾಡಿನಲ್ಲಿ ಮತ್ತೊಂದಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ಮುರಕಲ್ಲಿನ ಬೋಳುಗುಡ್ಡಗಳು ಒಂದರ ಹಿಂದೊಂದು ಬರುವುವು. ಎರಡು ಗುಡ್ಡಗಳ ನಡುವಣ ತಗ್ಗಿನಲ್ಲಿ ಬೈಲುಗದ್ದೆ, ಗದ್ದೆಯ ಅಂಚಿನಲ್ಲಿ ಕಂಗಿನ ತೋಟ, ತೋಟದ ಒಳಗೆ ಕಂಡೂ ಕಾಣದಂತೆ ಒಂದು ಹಂಚಿನ ಮನೆ. ಮೂಡುಬಿದಿರೆಯನ್ನು ದಾಟಿದ ಮೇಲೆ ಮೂಡಣ ದಿಕ್ಕಿನಲ್ಲಿ ಘಟ್ಟದ ನೀಲಿ ಗೋಡೆ ಎದ್ದು ನಿಲ್ಲುವುದು.

ಇಷ್ಟು ಸೊಗಸಾದ ದಾರಿಯಲ್ಲಿ ಹೋಗಿ ಬಂದವರು ಮೂರು ಊರುಗಳನ್ನು ಒಂದೇ ಊರಿನ ಮೂರು ಕೇರಿಗಳಂತೆ ಭಾವಿಸುವುದು ವಾಡಿಕೆಯಾಗಿದೆ. ಮೂಡುಬಿದಿರೆಯಲ್ಲಿ ಕಂಬ ಎಣಿಸುವರು, ವೇಣೂರಿನಲ್ಲಿ ಒಂದು ಗೊಮ್ಮಟ, ಕಾರ್ಕಳದಲ್ಲಿ ಇನ್ನೊಂದು ಗೊಮ್ಮಟ ಎಂದು ಲೆಕ್ಕ ಹಾಕುವರು. ಕಾರಿನಲ್ಲಿ ಒಂದು ಗಂಟೆಯೂ ಹಿಡಿಯದಷ್ಟು ಸಮೀಪದಲ್ಲಿ, ಒಂದೇ ಮತದವರು, ಒಂದೇ ಮೂರ್ತಿಯನ್ನು, ಇಷ್ಟೊಂದು ಗಾತ್ರದಲ್ಲಿ, ಎರಡು ಸಲ ಏಕೆ ನಿಲ್ಲಿಸಿದರು ಎಂದು ಕೇಳುವವರು ವಿರಳ. ಈ ಪ್ರಶ್ನೆಗೆ ಉತ್ತರವು ಆ ಮೂರ್ತಿಗಳಲ್ಲಿರುವುದಕ್ಕಿಂತ ಅವುಗಳ ನಡುವಣ ದಾರಿಯಲ್ಲಿಯೇ ಹೆಚ್ಚಾಗಿ ಇರುವುದು.

ಈಗಿನ ಒಂದು ಹಗಲಿನ ಈ ದಾರಿ ಪೂರ್ವಕಾಲದಲ್ಲಿ ಐದು ಅರಸುಮನೆತನಗಳ ಸೀಮೆಗಳನ್ನು ಹಾದುಹೋಗುತ್ತಿದ್ದಿತು. ಮಂಗಳೂರು ಬಂಗರದು, ಗುರುಪುರದ ಹೊಳೆಯಿಂದಾಚೆ ಪುತ್ತಿಗೆ ಮೂಡುಬಿದಿರೆಗಳವರೆಗೆ ಚೌಟರದು, ವೇಣೂರು ಅಜಿಲರದು, ಕಾರ್ಕಳ ಭೈರರಸರದು, ಹಿಂದಿರುಗುವ ದಾರಿಯಲ್ಲಿ ಸಿಕ್ಕುವ ಮೂಲ್ಕಿ ಸಾವಂತರದು. ಇವರೆಲ್ಲರೂ ಜೈನ ಅರಸರು, ಅಳಿಯಸಂತಾನದ ಕಟ್ಟಿಗೆ ಒಳಪಟ್ಟವರು, ಪರಸ್ಪರ ಕೊಟ್ಟು ತಂದವರು. ವಿಜಯನಗರದ ಕಾಲದಲ್ಲಿ ಬಾರಕೂರು ಮಂಗಳೂರುಗಳ ರಾಜ್ಯಾಧಿಕಾರಿಗಳಿಗೂ, ತರುವಾಯ ಇಕ್ಕೇರಿಯ ನಾಯಕರಿಗೂ ಕಪ್ಪ ಕೊಡುತ್ತ, ತಮ್ಮ ತಮ್ಮ ಸೀಮೆಯೊಳಗೆ ತಾವೇ ಪ್ರಭುಗಳಾಗಿದ್ದವರು. ಒಬ್ಬ ಅರಸನ ಬೀಡಿನಿಂದ ಇನ್ನೊಬ್ಬ ಅರಸನ ಬೀಡಿಗೆ ಸಾಮಾನ್ಯವಾಗಿ ಒಂದು ದಿನದ ನಡಿಗೆ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಟರೆ ದಾರಿ ಬೇರೆಯೇ ಆಗಿ ಕಾಣುವುದು.

ನಗರವನ್ನು ಬಿಡುವ ಮೊದಲೇ ಕದ್ರಿಯ ಗುಡ್ಡವುಂಟು. ಇಲ್ಲಿಯ ಮಂಜುನಾಥನ ಗುಡಿಯಲ್ಲಿರುವ ಲೋಕೇಶ್ವರನ ಲೋಹಮೂರ್ತಿಯ ಪೀಠದಲ್ಲಿ ಆಳುಪ ವಂಶದ ಕುಂದವರ್ಮನ ಕ್ರಿ. ಶ. 968ರ ಸಂಸ್ಕೃತ ಶಾಸನವಿರುವುದು. ಶಿವಾಲಯದಲ್ಲಿ ಬೌದ್ಧಮೂರ್ತಿ, ಗುಡ್ಡದ ಮೇಲೆ ನಾಥಪಂಥದ ಜೋಗಿಮಠ. ಹೀಗೆ ಒಂದೇ ಗುಡ್ಡದಲ್ಲಿ ಮೂರು ಮತಗಳ ಹೆಜ್ಜೆಗಳನ್ನು ಕಾಣಬಹುದು. ಕ್ರಿ. ಶ. 1623ರಲ್ಲಿ ರೋಮಾಪುರಿಯ ಪಿಯೆತ್ರೋ ದೆಲ್ಲಾ ವಾಲ್ಲೆ ಎಂಬ ಕುಲೀನ ಪ್ರವಾಸಿಯು ಈ ಗುಡ್ಡವನ್ನೇರಿ ಜೋಗಿಗಳ ಅರಸನನ್ನು ಕಂಡು ಹೋದನು. ಆಗ ಜೋಗಿಮಠದೊಡೆಯನಿಗೆ ರಾಜನೆಂಬ ಬಿರುದೂ ತಕ್ಕಮಟ್ಟಿನ ಭೂಮಿಯೂ ಇದ್ದುವು. ಕಿವಿಯಲ್ಲಿ ದೊಡ್ಡ ಗುಂಡುಗಳನ್ನು ಧರಿಸಿ, ತಲೆಗೆ ಕೆಂಪು ಕುಲಾವಿಯಿಟ್ಟು, ಸೊಂಟದ ಮೇಲೆ ಬರಿಮೈಯಲ್ಲಿದ್ದ ಆ ವೃದ್ಧನನ್ನು ಆತನು ವರ್ಣಿಸಿರುವನು.

ಈ ದೆಲ್ಲಾ ವಾಲ್ಲೆಯೇ ನಮ್ಮ ದಾರಿಯ ಮೊದಲನೆಯ ಸಾಕ್ಷಿ. ಗೋವೆಯಿಂದ ಇಕ್ಕೇರಿಯ ವೆಂಕಟಪ್ಪನಾಯಕನ ಆಸ್ಥಾನಕ್ಕೆ ಹೊರಟ ಪೋರ್ತುಗೀಸ್ ದೂತನ ಜತೆಯಲ್ಲಿ ಬಂದಿದ್ದ ಆತನು, ಅಲ್ಲಿಂದ ಬಸರೂರಿನ ಮೇಲಾಗಿ ಮಂಗಳೂರನ್ನು ಸೇರಿದನು. ಉಳ್ಳಾಲದ ರಾಣಿಯ ಕೀರ್ತಿಯನ್ನು ಕೇಳಿದ್ದವನಾದುದರಿಂದ ಆಕೆಯನ್ನು ನೋಡಲೇಬೇಕೆಂದು ಉತ್ತರದ ಹೊಳೆಯಲ್ಲಿ ದೋಣಿಯೇರಿ ಮಣೇಲಿಗೆ ಹೋದನು. ಆ ಹೊಳೆಯೇ ಗುರುಪುರದ ಹೊಳೆ. ಅದರ ಸಂಸ್ಕೃತ ನಾಮಧೇಯ ಫಲ್ಗುಣಿ. ಮಣೇಲು ಇಂದಿನ ಮೂಡುಬಿದಿರೆಯ ರಸ್ತೆಯಿಂದ ಸ್ವಲ್ಪ ಒಳಗೆ ಇರುವುದು. ರಾಣಿಯ ಹೆಸರನ್ನು ಅವನು ಅಬ್ಬಗದೇವಿ ಚೌಟ ಎಂಬಂತೆ ಬರೆದುಕೊಂಡಿರುವನು.

ಸಿಂಹಾಸನದ ಮೇಲೆ ರತ್ನಾಭರಣಭೂಷಿತೆಯಾದ ಅರಸಿಯನ್ನು ಕಾಣುವೆನೆಂದು ಹೋದ ಪರದೇಶಿಗೆ ಕಂಡುದೇನು? ಬೈಲಿನಲ್ಲಿ ಅಗೆಸುತ್ತಿದ್ದ ಕಾಲುವೆಯ ಕೆಲಸವನ್ನು ನೋಡಿಕೊಂಡು, ಬರಿಗಾಲಿನಲ್ಲಿ, ಒರಟು ಹತ್ತಿಯ ಸೀರೆಯನ್ನು ಸುತ್ತಿಕೊಂಡು, ಓಲೆಯ ಕೊಡೆಯ ನೆರಳಿನಲ್ಲಿ ನಡೆದುಬರುತ್ತಿದ್ದ ಕಪ್ಪು ಬಣ್ಣದ ಹೆಂಗಸು. ಉಡಿಗೆಯನ್ನು ನೋಡಿದರೆ ಅಡಿಗೆಯವಳೆಂದೋ ಅಗಸಗಿತ್ತಿಯೆಂದೋ ಹೇಳಬಹುದಾಗಿದ್ದಿತೆಂದೂ, ಬಾಯ್ದೆರೆದು ಮಾತಾಡಿದಾಗ ಮಾತ್ರ ರಾಣಿಯೆಂಬುದು ತಿಳಿಯಿತೆಂದೂ ಅವನು ಬರೆದಿರುವನು. ದಾರಿಯ ಮಧ್ಯದಲ್ಲಿಯೇ ನಿಂತು ಬಹಳ ಹೊತ್ತು ಆತನ ದೇಶಸಂಚಾರದ ವೃತ್ತಾಂತವನ್ನು ಆಕೆ ಕೇಳಿದಳು. ಈಕೆಯೇ ಗಂಡನಾದ ಮಂಗಳೂರಿನ ಬಂಗರಸನನ್ನು ತ್ಯಜಿಸಿ ಬಂದವಳು. ಬಂಗನು ಪೋರ್ತುಗೀಸರ ನೆರವನ್ನು ಪಡೆದರೆ ಈಕೆ ಇಕ್ಕೇರಿಯ ನಾಯಕನ ನೆರವನ್ನು ಪಡೆದು ಅವರಿಬ್ಬರನ್ನೂ ಸೋಲಿಸಿದವಳು. ಹೊಳೆಯ ಈಚೆಯ ದಡ ಗಂಡನದು, ಆಚೆಯ ದಡ ಹೆಂಡತಿಯದು ಎಂಬಷ್ಟು ಹತ್ತಿರದ ರಾಜ್ಯಗಳು ಅವು. ಅಬ್ಬಕ್ಕನೆಂಬ ಹೆಸರಿನ ಅರಸಿಯರು ಒಬ್ಬರಿಗಿಂತ ಹೆಚ್ಚು ಮಂದಿ ಇದ್ದರೆಂದೂ, ಪೋರ್ತುಗೀಸರೊಡನೆ ಮೊದಲು ಕಾದಿದವಳು ಇವಳಿಗಿಂತ ಹಿಂದಿನವಳೆಂದೂ ಹೇಳುವವರ ಮಾತು ಕಾಲಗಣನೆಗೆ ಒಪ್ಪುವಂತಿದೆ. ಆದರೂ ಕಣ್ಣಾರೆ ಕಂಡವನೊಬ್ಬನು ಬರೆದಿಟ್ಟ ಚಿತ್ರವಿರುವುದು ಈ ಮಣೇಲಿನ ಅಬ್ಬಕ್ಕನದು. ನೀರಾವರಿಯ ಕಾಲುವೆಯ ಬದಿಯಲ್ಲಿ ನಿಂತ ಈ ಅರಸಿಯ ಚಿತ್ರವನ್ನು ಬಿಟ್ಟು, ಕುದುರೆಯೇರಿ ಖಡ್ಗ ಬೀಸುವ ಅರಸಿಯ ಚಿತ್ರವನ್ನೇ ನಮ್ಮವರು ಎಲ್ಲೆಡೆಯಲ್ಲಿಯೂ ತೂಗುಹಾಕಿರುವುದು ಒಂದು ಬಗೆಯ ನಷ್ಟವೇ ಸರಿ.

ಗುರುಪುರದಲ್ಲಿ ಈ ಹೊಳೆಯನ್ನು ದಾಟಬೇಕು. ಸೇತುವೆಗಳಿಲ್ಲದ ಕಾಲದಲ್ಲಿ ಜೋಡುದೋಣಿಗಳ ಮೇಲೆ ಹಲಗೆ ಹಾಸಿದ ಜಂಗಲಿನ ಮೇಲೆ ಗಾಡಿಗಳನ್ನು ದಾಟಿಸುವುದು ಈ ಜಿಲ್ಲೆಯ ಹೊಳೆಗಳಲ್ಲೆಲ್ಲ ರೂಢಿಯಾಗಿದ್ದಿತು. ಮಂಗಳೂರಿಗೆ 1907ರಲ್ಲಿ ರೈಲು ಬಂದರೂ ಅದು ತೆಂಕಣಿಂದ ಬಂದು ನಗರದಲ್ಲಿಯೇ ನಿಂತಿತು. ಬಡಗಣ ಮತ್ತು ಮೂಡಣ ಊರುಗಳಿಗೆ ಮೋಟಾರೇ ಗತಿಯಾಯಿತು. ಕೆನರಾ ಪಬ್ಲಿಕ್ ಕನ್ವೇಯೆನ್ಸ್ ಕಂಪನಿಯವರು 1914ರಲ್ಲಿ ಬಸ್ಸು ಸಂಚಾರವನ್ನು ಆರಂಭಿಸಿದುದು ಈ ಜಿಲ್ಲೆಯ ಮಟ್ಟಿಗೆ ಒಂದು ಯುಗಾರಂಭವೆನ್ನಬಹುದು. ಗುರುಪುರದ ಹಳೆಯ ಉಕ್ಕಿನ ಸಂಕವು ಸುಮಾರು ನೂರು ವರ್ಷ ದುಡಿದು ದಣಿದ ಮೇಲೆ, ಅದರ ಮಗ್ಗುಲಲ್ಲಿಯೇ ಕಟ್ಟಿದ ಹೊಸ ಸೇತುವೆ 2020ರಲ್ಲಿ ಸಂಚಾರಕ್ಕೆ ತೆರೆಯಿತು. ಈಚಿನ ವರ್ಷಗಳಲ್ಲಿ ಗುಡ್ಡಗಳನ್ನು ಕಡಿದು ದಾರಿಯನ್ನು ನಾಲ್ಕು ಸಾಲಿನದಾಗಿ ಅಗಲಿಸುವ ಕೆಲಸ ನಡೆದಿದೆ. ಸೌಕರ್ಯ ಹೆಚ್ಚಿತೆಂಬುದರಲ್ಲಿ ಸಂದೇಹವಿಲ್ಲ. ನೆರಳು ಕಡಿಮೆಯಾಯಿತೆಂಬುದರಲ್ಲಿಯೂ ಸಂದೇಹವಿಲ್ಲ.

ಕೈಕಂಬದಿಂದ ಬಲಕ್ಕೆ ತಿರುಗಿದರೆ ಪೊಳಲಿ. ಇದೂ ಫಲ್ಗುಣಿಯ ದಡದ ಊರೇ. ರಾಜರಾಜೇಶ್ವರಿಯ ಮೂರ್ತಿ ಇಲ್ಲಿ ಮೃಣ್ಮಯವಾದುದು. ಊರಿನ ಸಂಸ್ಕೃತ ನಾಮ ಪುಲಿನಪುರ. ಪುಲಿನವೆಂದರೆ ಹೊಳೆಯ ಮರಳುದಿಣ್ಣೆ. ಈ ಹೊಳೆಯ ಮರಳಿನ ಮಾತು ಮುಂದೆ ವೇಣೂರಿನಲ್ಲಿ ಮತ್ತೊಮ್ಮೆ ಬರುವುದು.

ಮೂಡುಬಿದಿರೆಯು ಮಂಗಳೂರಿನಿಂದ ಸುಮಾರು 22 ಮೈಲು. ವೇಣುಪುರ, ವಂಶಪುರ ಎಂದು ಪಂಡಿತರು ಕರೆದರೂ ಬಿದಿರಿನ ಊರೆಂಬ ಅರ್ಥ ಎಲ್ಲ ಹೆಸರುಗಳಿಗೂ ಒಂದೇ. ಇಲ್ಲಿ 18 ಬಸದಿಗಳು. ಅವುಗಳಲ್ಲಿ ಸಾವಿರ ಕಂಬದ ಬಸದಿಯೆಂದು ಲೋಕವಿಖ್ಯಾತವಾದ ತ್ರಿಭುವನತಿಲಕ ಚೂಡಾಮಣಿ ಚೈತ್ಯಾಲಯದ ನಿರ್ಮಾಣ ಕ್ರಿ. ಶ. 1430ರ ಸುಮಾರಿಗೆ, ವಿಜಯನಗರದ ಎರಡನೆಯ ದೇವರಾಯನ ಕಾಲದಲ್ಲಿ ಮೊದಲಾಯಿತು. ಇದರಲ್ಲಿ ಗಮನಿಸತಕ್ಕ ವಿಷಯವೇನೆಂದರೆ, ಇದನ್ನು ಕಟ್ಟಿಸಿದವನು ಯಾವನೋ ಒಬ್ಬ ಅರಸನಲ್ಲ. ಬಿದಿರೆಯ ಸೆಟ್ಟಿಕಾರರು ಸೇರಿ ಕಟ್ಟಿಸಿದರು. ಮೆಣಸು ಅಕ್ಕಿಗಳ ವ್ಯಾಪಾರದಲ್ಲಿ ಗಳಿಸಿದ ಹಣವದು. ಇದರ ಮುಂದಣ ಭೈರಾದೇವಿ ಮಂಟಪದ ಅಧಿಷ್ಠಾನದಲ್ಲಿ ಆಫ್ರಿಕದ ಜಿರಾಫೆಯನ್ನೂ ಚೀನಾದೇಶದ ಘಟಸರ್ಪವನ್ನೂ ಕೆತ್ತಿರುವುದನ್ನು ಕಂಡವರಿಗೆ ಆ ಸೆಟ್ಟರ ಸಂಪರ್ಕ ಎಲ್ಲಿಯವರೆಗಿದ್ದಿತೆಂದು ಬೇರೆ ಹೇಳಬೇಕಾಗಿಲ್ಲ. ಸಮುದ್ರವನ್ನೇ ಕಾಣದ ಈ ಒಳನಾಡಿನ ಊರಿಗೆ ಜಿರಾಫೆಯ ಸುದ್ದಿ ಬಂದುದು ಮಂಗಳೂರಿನ ರೇವಿನಿಂದ, ಬಹುಮಟ್ಟಿಗೆ ಈ ದಾರಿಯಲ್ಲಿಯೇ.

ಬಸದಿಯ ಇಳಿಜಾರಾದ ಮೂರಂತಸ್ತಿನ ಮಾಡನ್ನು ನೋಡಿ ಫರ್ಗ್ಯುಸನ್ ಎಂಬ ವಿದ್ವಾಂಸನು 19ನೆಯ ಶತಮಾನದಲ್ಲಿ ನೇಪಾಳದ ಶಿಲ್ಪವನ್ನು ನೆನೆದುಕೊಂಡನು. ಅಷ್ಟು ದೂರ ಹೋಗಬೇಕಾದ ಅವಶ್ಯಕತೆ ತೋರುವುದಿಲ್ಲ. ವರ್ಷಕ್ಕೆ 150 ಅಂಗುಲದ ಆಸುಪಾಸಿನಲ್ಲಿ ಮಳೆ ಸುರಿಯುವ ನಾಡಿನಲ್ಲಿ ಮನೆಯ ಮಾಡು ಹೇಗೆ ಇಳಿಜಾರಾಗಬೇಕೋ ದೇವರ ಮಾಡೂ ಹಾಗೆಯೇ ಇಳಿಜಾರಾಗಬೇಕು. ಮುಳಿಹುಲ್ಲಿನ ಸೂರನ್ನು ಕಂಡು ಬೆಳೆದ ಶಿಲ್ಪಿಯು ಅದನ್ನೇ ಕಲ್ಲುಚಪ್ಪಡಿಯಲ್ಲಿಯೂ ತಾಮ್ರದಲ್ಲಿಯೂ ಮಾಡಿದನು.

ಯಾತ್ರಿಕರು ಈ ಬಸದಿಯಲ್ಲಿ ಒಂದು ಗಂಟೆ ಕಳೆದು ಹಿಂದಿರುಗುವರು. ಸಮೀಪದ ಗುರುಬಸದಿಯನ್ನು ಬಹುಮಂದಿ ನೋಡುವುದಿಲ್ಲ. ಆದರೆ ಮೂಡುಬಿದಿರೆಯು ಜಗತ್ತಿಗೆ ಮಾಡಿದ ಉಪಕಾರ ಅಲ್ಲಿಯದೇ. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಕ್ರಿ. ಶ. 816ರಲ್ಲಿ ಬರೆದು ಮುಗಿಸಿದ ಧವಲಾ ಟೀಕೆ, ಮತ್ತು ಜಯಧವಲಾ, ಮಹಾಧವಲಾ ಎಂಬ ಸಿದ್ಧಾಂತ ಗ್ರಂಥಗಳು ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಇಲ್ಲಿ ಉಳಿದುಬಂದುವು. ಭಾಷೆ ಪ್ರಾಕೃತ ಮತ್ತು ಸಂಸ್ಕೃತ. ಲಿಪಿ ಮಾತ್ರ ಕನ್ನಡ. ಶತಮಾನಗಳವರೆಗೆ ಭಕ್ತರು ಅವುಗಳ ದರ್ಶನ ಮಾಡಿ ಕೈಮುಗಿದರೇ ಹೊರತು ಓದುವವರಿರಲಿಲ್ಲ. 19ನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯ ಪ್ರಾರಂಭವಾಗಿ, 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಮೊದಲನೆಯ ಸಂಪುಟ ಅಚ್ಚಾಯಿತು. ಈ ಗರಿಗಳನ್ನು ಗೆದ್ದಲು ತಿಂದಿದ್ದರೆ ದಿಗಂಬರ ಜೈನರ ಅತ್ಯಂತ ಪ್ರಾಚೀನ ಆಗಮದ ಹೆಸರು ಮಾತ್ರ ಉಳಿಯುತ್ತಿದ್ದಿತು. ಸಾವಿರ ಕಂಬಗಳು ಬಿದ್ದರೂ ಮತ್ತೆ ಕಟ್ಟಬಹುದಾಗಿದ್ದಿತು. ಇದನ್ನು ಮತ್ತೆ ಬರೆಯುವವರಾರು?

ಚೌಟರ ಅರಮನೆಯ ಉಳಿದ ಭಾಗವೂ ಈ ಊರಿನಲ್ಲಿಯೇ ಇರುವುದು. ಮರದ ಕಂಬಗಳಲ್ಲಿ ಒಂಬತ್ತು ಮಂದಿ ಸ್ತ್ರೀಯರನ್ನು ಹೆಣೆದು ಆನೆಯನ್ನು ಮಾಡಿದ ನವನಾರೀಕುಂಜರ, ಐವರಿಂದ ಕುದುರೆಯನ್ನು ಮಾಡಿದ ಪಂಚನಾರೀತುರಗ, ಇವು ನೋಡತಕ್ಕವು. ಕಲ್ಲಿನ ಬಸದಿಯ ಊರಿನಲ್ಲಿ ಅರಸರು ತಮಗಾಗಿ ಮರದ ಮನೆಯನ್ನೇ ಸಾಕೆಂದುಕೊಂಡರು. ಭರತೇಶವೈಭವದ ರತ್ನಾಕರನೂ ಈ ಊರಿನವನೆಂಬುದನ್ನು ಕನ್ನಡಿಗರಿಗೆ ನೆನಪು ಮಾಡಬೇಕಾಗಿಲ್ಲ.

ಇಲ್ಲಿಂದ ವೇಣೂರಿಗೆ 12 ಮೈಲು. ನಮ್ಮ ಎರಡನೆಯ ಸಾಕ್ಷಿಯಾದ ಫ್ರಾನ್ಸಿಸ್ ಬುಕನನ್ ಎಂಬ ಇಂಗ್ಲಿಷರ ವೈದ್ಯನು, ಟಿಪ್ಪುವಿನ ಪತನವಾದ ಮರುಕಾಲದಲ್ಲಿ, ಗವರ್ನರ್ ಜನರಲನ ಅಪ್ಪಣೆಯಂತೆ ಈ ಸೀಮೆಯ ಬೆಳೆ, ಕಂದಾಯ, ಜಾತಿ, ಮತಗಳನ್ನು ವಿಚಾರಿಸುತ್ತ 1801ರಲ್ಲಿ ಬಂದನು. ಜಮಾಲಾಬಾದಿನ ಗಡಾಯಿಕಲ್ಲಿನಿಂದ ವೇಣೂರು, ವೇಣೂರಿನಿಂದ ಮೂಡುಬಿದಿರೆ, ಅಲ್ಲಿಂದ ಕಾರ್ಕಳ ಎಂದು ಆತನು ಬಿಡಾರದಿಂದ ಬಿಡಾರಕ್ಕೆ ಹೋದನು. ಮೂಡುಬಿದಿರೆಯಲ್ಲಿ ಜೈನರ ಪಂಡಿತಾಚಾರ್ಯರನ್ನು ಕಂಡು ಅವರ ಮತದ ವಿಚಾರವಾಗಿ ಪ್ರಶ್ನೆ ಕೇಳಿ ಬರೆದುಕೊಂಡನು. ಊರಿಂದೂರಿಗೆ ನಿಧಾನವಾಗಿ ಹೋದವನಾದುದರಿಂದಲೇ ದಾರಿಯ ಗದ್ದೆಯನ್ನೂ ಗೇಣಿಯನ್ನೂ ಕುರಿತು ಆತನು ಅಷ್ಟು ಬರೆಯಲು ಸಾಧ್ಯವಾಯಿತು.

ವೇಣೂರಿನ ಗೊಮ್ಮಟನು ಬೆಟ್ಟದ ಮೇಲಿಲ್ಲ. ಫಲ್ಗುಣಿಯ ದಡದಲ್ಲಿ, ಜಗತಿಯ ಮೇಲೆ ನಿಂತಿರುವನು. ಎತ್ತರ ಸುಮಾರು 35 ಅಡಿ. ಕ್ರಿ. ಶ. 1604ರಲ್ಲಿ ಅಜಿಲ ವಂಶದ ತಿಮ್ಮರಾಜನು ಇದನ್ನು ಪ್ರತಿಷ್ಠೆ ಮಾಡಿದನು. ಇಲ್ಲಿಯೇ ಮೊದಲು ಕೇಳಿದ ಪ್ರಶ್ನೆಗೆ ಜನರು ಹೇಳುವ ಉತ್ತರವುಂಟು. ವೇಣೂರಿನಲ್ಲಿ ಮೂರ್ತಿ ಸಿದ್ಧವಾಗುತ್ತಿರುವುದನ್ನು ಕೇಳಿ ಕಾರ್ಕಳದ ಭೈರರಸನಿಗೆ ಅಸೂಯೆ ಹುಟ್ಟಿತು. ತನ್ನ ಊರಿನ ಗೊಮ್ಮಟನ ಮಹಿಮೆ ಕುಂದುವುದೆಂದು ಬಗೆದು, ಮೂರ್ತಿಯನ್ನು ಕಾರ್ಕಳಕ್ಕೇ ಕಳುಹಿಸಬೇಕೆಂದು ಹೇಳಿಕಳುಹಿಸಿದನು. ಅಜಿಲನು ಒಪ್ಪದಿರಲು ದಂಡೆತ್ತಿ ಬಂದನು. ಅಜಿಲನು ಮೂರ್ತಿಯನ್ನು ಫಲ್ಗುಣಿಯ ಮರಳಿನಲ್ಲಿ ಹೂಳಿಸಿ ಕಾಪಾಡಿ, ಕಲಹ ತೀರಿದ ಬಳಿಕ ಎತ್ತಿ ನಿಲ್ಲಿಸಿದನು. ಇದು ಐತಿಹ್ಯ. ಗಯೆಯ ಫಲ್ಗುನದಿಯೂ ಮರಳಿನೊಳಗೆ ಅಡಗಿ ಹರಿಯುವುದೆಂಬುದನ್ನು ಬಲ್ಲವರಿಗೆ ಈ ಹೆಸರಿನ ಸಾಮ್ಯವು ಸೊಗಸಾಗಿ ತೋರುವುದು.

ಮೂರ್ತಿಯ ಪಕ್ಕದ ಶಾಸನದಲ್ಲಿ ಕಲಹದ ಮಾತಿಲ್ಲ. ಶಕವರ್ಷ, ತಿಥಿ, ತಿಮ್ಮರಾಜನ ವಂಶ, ತಾಯಿ, ಗುರು, ಇಷ್ಟನ್ನು ಮಾತ್ರ ಅದು ಹೇಳುವುದು. ಇದರಿಂದ ಐತಿಹ್ಯವು ಬರಿಯ ಕಟ್ಟುಕಥೆಯೆಂದು ತಳ್ಳಿಬಿಡುವುದು ಸುಲಭ. ಆದರೆ ಪ್ರತಿಷ್ಠೆಯ ಶಿಲೆಯಲ್ಲಿ ನೆರೆಯವನ ಜಗಳವನ್ನು ಯಾವ ಅರಸನೂ ಕೆತ್ತಿಸುವುದಿಲ್ಲ. ಶಾಸನವು ಹೇಳಿದುದನ್ನೇ ಮತ್ತೊಮ್ಮೆ ಪರಿಶೀಲಿಸಬೇಕು. ತಿಮ್ಮರಾಜನು ತನ್ನನ್ನು ಚಾಮುಂಡರಾಯನ ವಂಶದವನೆಂದು ಹೇಳಿಕೊಂಡಿರುವನು. ಗುರುವೆಂದು ಬೆಳಗೊಳದ ಚಾರುಕೀರ್ತಿಗಳನ್ನು ಸ್ಮರಿಸಿರುವನು. ಕಾರ್ಕಳದಲ್ಲಿಯಾದರೋ ಭೈರರಸರಿಗೆ ಪನಸೋಗೆಯ ಲಲಿತಕೀರ್ತಿಗಳ ಪರಂಪರೆಯೇ ಗುರುಪೀಠ. ಅಂದರೆ ನೆರೆಯ ಊರಿನ ಗುರುಪೀಠವನ್ನು ಬಿಟ್ಟು, ಘಟ್ಟದಾಚೆಯ ಬೆಳಗೊಳದ ಆಜ್ಞೆಯನ್ನು ಪಡೆದು, ಬೆಳಗೊಳದ ಮೂಲಮೂರ್ತಿಯನ್ನು ಮಾಡಿಸಿದವನ ವಂಶವೇ ತನ್ನದೆಂದು ಸಾರಿ, ಅಜಿಲನು ಗೊಮ್ಮಟನನ್ನು ನಿಲ್ಲಿಸಿದನು. ಸ್ಪರ್ಧೆಯೆಂಬ ಪದವನ್ನು ಬಳಸದೆ ಸ್ಪರ್ಧೆಯನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಲಾಗದು. ಮರಳಿನಲ್ಲಿ ಹೂಳಿದುದು ನಿಜವೋ ಸುಳ್ಳೋ, ಎರಡು ಮನೆತನಗಳ ಮತ್ಸರವು ನಿಜವೆಂದೇ ತೋರುವುದು. ಐತಿಹ್ಯವು ಘಟನೆಯಲ್ಲಿ ತಪ್ಪಿದ್ದರೂ ಇರಬಹುದು, ಕಾರಣದಲ್ಲಿ ತಪ್ಪಿಲ್ಲ.

ವೇಣೂರಿನಿಂದ ನಾರಾವಿ ಬಜಗೋಳಿಗಳ ಮೇಲಾಗಿ ಕಾರ್ಕಳಕ್ಕೆ ಹೋಗುವ ದಾರಿ ಘಟ್ಟದ ಬುಡದಲ್ಲಿಯೇ ಸಾಗುವುದು. ಈ ಇಡೀ ಪ್ರಯಾಣದಲ್ಲಿ ಕಾಡು ಅತ್ಯಂತ ಸಮೀಪಕ್ಕೆ ಬರುವುದು ಇಲ್ಲಿಯೇ. ಕುದುರೆಮುಖದ ಸಾಲು ಬಲಗಡೆಯಲ್ಲಿ ಕಾಣುತ್ತಿರುವುದು. ಮಧ್ಯಾಹ್ನದ ಬಿಸಿಲಿಳಿದ ಮೇಲೆ ಈ ಭಾಗದಲ್ಲಿ ಹೋದರೆ ಒಳ್ಳೆಯದು.

ಕಾರ್ಕಳದ ಗೊಮ್ಮಟನು ವೇಣೂರಿನವನಿಗಿಂತ 172 ವರ್ಷ ಹಿರಿಯ. ಭೈರವರಾಜನ ಮಗ ವೀರಪಾಂಡ್ಯನು ಕ್ರಿ. ಶ. 1432ರ ಫೆಬ್ರವರಿ 13ರಂದು ಪ್ರತಿಷ್ಠಿಸಿದ ಈ ಮೂರ್ತಿಯ ಎತ್ತರ ಸುಮಾರು 42 ಅಡಿ. ಭಾರ ಸುಮಾರು 80 ಟನ್ನೆಂದು ಅಂದಾಜು. ಬೆಳಗೊಳದಲ್ಲಿ ಬೆಟ್ಟದ ಶಿಖರವನ್ನೇ ಕಡಿದು ಮೂರ್ತಿಯನ್ನು ಮಾಡಿದರು. ಇಲ್ಲಿ ಹಾಗಲ್ಲ. ಬೇರೆಡೆಯಲ್ಲಿ ಕಡಿದು ಮಾಡಿದ ಮೂರ್ತಿಯನ್ನು, ಹಲವು ಗಾಲಿಗಳ ಬಂಡಿಯ ಮೇಲೇರಿಸಿ, ಹಗ್ಗ ಹಿಡಿದು ಜನರು ನುಣುಪಾದ ಬಂಡೆಯ ಮೇಲೆ ಎಳೆದು ತಂದರು. ಚಂದ್ರಮನೆಂಬ ಕವಿಯು 1646ರಲ್ಲಿ ರಚಿಸಿದ ಕಾರ್ಕಳದ ಗೊಮ್ಮಟೇಶ್ವರ ಚರಿತೆಯಲ್ಲಿ ಈ ಸಾಗಣೆಯ ವರ್ಣನೆಯುಂಟು. ಇಂದು ಬಂಡೆಯಲ್ಲಿ ಕಡಿದ ಮೆಟ್ಟಿಲುಗಳನ್ನು ಬರಿಗೈಯಲ್ಲಿ ಏರುವವರೇ ಅರ್ಧದಲ್ಲಿ ನಿಂತು ಉಸಿರು ಬಿಡುವರು. ಮೋಟಾರಿನಲ್ಲಿ ದೂರವನ್ನು ಗೆದ್ದವರಿಗೆ ದೂರವೆಂದರೇನೆಂದು ಆ ಮೆಟ್ಟಿಲುಗಳ ಮೇಲೆ ಸ್ವಲ್ಪಮಟ್ಟಿಗೆ ತಿಳಿಯುವುದು.

ಮೇಲೆ ನಿಂತು ನೋಡಿದರೆ ಎದುರಿನ ಕಿರುಗುಡ್ಡದಲ್ಲಿ ಚತುರ್ಮುಖ ಬಸದಿ. ಇಮ್ಮಡಿ ಭೈರರಸನು 1586ರಲ್ಲಿ ಕಟ್ಟಿಸಿದುದು. ನಾಲ್ಕು ದಿಕ್ಕಿಗೂ ಒಂದೇ ತೆರನಾದ ಬಾಗಿಲು, 108 ಕಂಬ, ಎಲ್ಲವೂ ಕಗ್ಗಲ್ಲು. ಮೂಡುಬಿದಿರೆಯ ಬಸದಿಯ ಸೊಗಸು ಇದಕ್ಕಿಲ್ಲ, ಗಾಂಭೀರ್ಯವುಂಟು. ಇದಾದ 18 ವರ್ಷಕ್ಕೆ ವೇಣೂರಿನ ಪ್ರತಿಷ್ಠೆ. ಇಷ್ಟೆಲ್ಲವನ್ನು ಕಟ್ಟಿಸಿದ ಮನೆತನವು ನೆರೆಯ ಸಣ್ಣ ಅರಸನ ಮೂರ್ತಿಗೆ ಏಕೆ ಕಳವಳಪಟ್ಟಿತೆಂದರೆ, ಪ್ರತಿಯೊಬ್ಬ ಅರಸನಿಗೂ ತನ್ನ ಸೀಮೆಯೇ ಒಂದು ಲೋಕವಾಗಿದ್ದಿತು. ತನ್ನ ಗೊಮ್ಮಟನಿಲ್ಲದ ಲೋಕವು ಅಪೂರ್ಣವೆನಿಸುತ್ತಿದ್ದಿತು. ಯಾತ್ರಿಕರು ಯಾರ ಗಡಿಯೊಳಗೆ ನಡೆದುಬರುವರು, ಯಾರ ಪೇಟೆಯಲ್ಲಿ ಇಳಿದುಕೊಳ್ಳುವರು ಎಂಬುದೂ ಅರಸರಿಗೆ ಸಣ್ಣ ಮಾತಲ್ಲ. ಆ ಗಡಿಗಳೆಲ್ಲ ಅಳಿದು, ಕಾರ್ಕಳವು 1997ರಿಂದ ಉಡುಪಿ ಜಿಲ್ಲೆಗೆ ಸೇರಿ, ವೇಣೂರು ದಕ್ಷಿಣ ಕನ್ನಡದಲ್ಲಿಯೇ ಉಳಿದು, ಇಬ್ಬರು ಗೊಮ್ಮಟರ ನಡುವೆ ಈಗ ಹೊಸದೊಂದು ಗಡಿ ಬಂದಿರುವುದು ವಿಚಿತ್ರವಾದರೂ ನಿಜ. 12 ವರ್ಷಗಳಿಗೊಮ್ಮೆ ನಡೆಯುವ ಮಹಾಮಸ್ತಕಾಭಿಷೇಕವು ಕಾರ್ಕಳದಲ್ಲಿ 2015ರಲ್ಲಿಯೂ ವೇಣೂರಿನಲ್ಲಿ 2024ರಲ್ಲಿಯೂ ನೆರವೇರಿತು. ಎರಡಕ್ಕೂ ಅದೇ ಜನರು ಹೋಗಿ ಬಂದರು.

ಕಾರ್ಕಳದಿಂದ ನಿಟ್ಟೆ ಬೆಳ್ಮಣ್ಣುಗಳ ಮೇಲಾಗಿ ಪಡುಬಿದ್ರಿಗಿಳಿದರೆ ಗುಡ್ಡಗಳು ಮುಗಿದು ತೆಂಗಿನ ಸಾಲು ಮೊದಲಾಗುವುದು. ಮೂಲ್ಕಿಯಲ್ಲಿ ಶಾಂಭವಿಯನ್ನು ದಾಟಿ, ಸುರತ್ಕಲ್ಲು ಹಾಗೂ 1974ರಲ್ಲಿ ದೇಶದ ಪ್ರಮುಖ ಬಂದರುಗಳಲ್ಲೊಂದೆಂದು ಘೋಷಿತವಾದ ಪಣಂಬೂರಿನ ಹೊಸ ರೇವನ್ನು ಬಲಕ್ಕೆ ಬಿಟ್ಟು ಬಂದರೆ, ಕೂಳೂರಿನ ಸೇತುವೆ. ಅದರ ಕೆಳಗೆ ಹರಿಯುವುದೂ ಫಲ್ಗುಣಿಯೇ: ಬೆಳಿಗ್ಗೆ ಗುರುಪುರದಲ್ಲಿ ದಾಟಿದುದು, ವೇಣೂರಿನಲ್ಲಿ ಗೊಮ್ಮಟನ ಬಳಿಯಲ್ಲಿ ಕಂಡುದು. ಇಲ್ಲಿಂದ ಮುಂದೆ ಅದು ದಕ್ಷಿಣಕ್ಕೆ ತಿರುಗಿ, ಬೆಂಗರೆಯ ಮರಳುದಿಣ್ಣೆಯ ಒಳಬದಿಯಲ್ಲಿ ಹರಿದು, ನೇತ್ರಾವತಿಯನ್ನು ಕೂಡಿ ಕಡಲನ್ನು ಸೇರುವುದು. ದೆಲ್ಲಾ ವಾಲ್ಲೆಯ ದೋಣಿ ಮಣೇಲಿಗೆ ಹೊರಟುದು ಆ ಕಡೆಯಿಂದಲೇ.